ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಫೈಲ್ ಸಾಗಿಸಲು ಯಾವುದು ಸೂಕ್ತ: ಪೆನ್‌ಡ್ರೈವೋ, ಹಾರ್ಡ್‌ಡಿಸ್ಕೋ, ಎಸ್‌ಎಸ್‌ಡಿಯೋ?

ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಇದ್ದು, ಹೊಸದಾಗಿ ಲ್ಯಾಪ್‌ಟಾಪ್ ಬಂದಾಗ, ವರ್ಷಗಳಿಂದ ಕೂಡಿಟ್ಟ ಫೋಟೊ, ವಿಡಿಯೊ, ದಾಖಲೆಗಳನ್ನು ಸಾಗಿಸುವ ಕೆಲಸ ಎದುರಾಗುತ್ತದೆ. ಅದಕ್ಕಾಗಿ ಏನನ್ನಾದರೂ ಕೊಳ್ಳುವ ಮೊದಲು, ಸಾಗಿಸಬೇಕಾದದ್ದು ಒಟ್ಟು ಎಷ್ಟು ಜಿಬಿ ಮತ್ತು ಹಳೆಯ ಕಂಪ್ಯೂಟರಿನ ಯುಎಸ್‌ಬಿ ಪೋರ್ಟ್ ಯಾವ ಪೀಳಿಗೆಯದು ಎಂಬ ಎರಡು ಸಂಗತಿಗಳನ್ನು ತಿಳಿದುಕೊಳ್ಳಬೇಕು. ಫೋಲ್ಡರಿನ ಪ್ರಾಪರ್ಟೀಸ್ ತೆರೆದರೆ ಮೊದಲನೆಯದು ತಿಳಿಯುತ್ತದೆ. ಎರಡನೆಯದಕ್ಕೆ ಪೋರ್ಟಿನ ಒಳಗಿನ ಪ್ಲಾಸ್ಟಿಕ್ ಪಟ್ಟಿಯನ್ನು ನೋಡಬೇಕು. ಅದು ನೀಲಿಯಾಗಿದ್ದರೆ ಸಾಮಾನ್ಯವಾಗಿ ಯುಎಸ್‌ಬಿ 3.0, ಕಪ್ಪು ಅಥವಾ ಬಿಳಿಯಾಗಿದ್ದರೆ ಬಹುಮಟ್ಟಿಗೆ 2.0. ಎಲ್ಲ ತಯಾರಕರೂ ಈ ಬಣ್ಣಗಳನ್ನು ಪಾಲಿಸುವುದಿಲ್ಲವಾದ್ದರಿಂದ, ಕಂಪ್ಯೂಟರಿನ ಕೈಪಿಡಿಯನ್ನೂ ನೋಡುವುದು ಒಳ್ಳೆಯದು.

ಪೋರ್ಟಿನ ವಿಚಾರವನ್ನು ಮೊದಲೇ ಹೇಳಲು ಕಾರಣವಿದೆ. 2000ದಲ್ಲಿ ಬಂದ ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, ಅಂದರೆ 60 ಎಂಬಿ. ಬಳಕೆಯಲ್ಲಿ ನಮಗೆ ದಕ್ಕುವುದು ಸೆಕೆಂಡಿಗೆ ಸುಮಾರು 30ರಿಂದ 40 ಎಂಬಿ ಮಾತ್ರ. ಆ ಪೋರ್ಟಿಗೆ ಎಷ್ಟೇ ದುಬಾರಿಯ ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಮಾಹಿತಿ ಇಡುವ ವೇಗದ ಡ್ರೈವ್) ಚುಚ್ಚಿದರೂ 100 ಜಿಬಿ ಸಾಗಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಅದೇ ಎಸ್‌ಎಸ್‌ಡಿ, ಎರಡೂ ಕಡೆ ಯುಎಸ್‌ಬಿ 3.0 ಇದ್ದು ಕಂಪ್ಯೂಟರಿನ ಒಳಗಿನ ಡಿಸ್ಕೂ ವೇಗದ್ದಾಗಿದ್ದರೆ, ಐದಾರು ನಿಮಿಷದಲ್ಲಿ ಆ ಕೆಲಸ ಮುಗಿಸಬಲ್ಲದು.

ಪೆನ್‌ಡ್ರೈವ್ ಅಗ್ಗ, ಜೇಬಿನಲ್ಲಿ ಹಿಡಿಸುತ್ತದೆ, ಬಿದ್ದರೂ ಸುಲಭವಾಗಿ ಕೆಡುವುದಿಲ್ಲ. ಆದರೆ ಪೊಟ್ಟಣದ ಮೇಲೆ ದೊಡ್ಡದಾಗಿ ಅಚ್ಚಾಗಿರುವುದು ಹೆಚ್ಚಾಗಿ ಓದುವ ವೇಗವೇ ಹೊರತು ಬರೆಯುವ ವೇಗವಲ್ಲ. ಅಗ್ಗದ ಪೆನ್‌ಡ್ರೈವ್‌ಗಳು ಮೊದಲ ಕೆಲವು ನಿಮಿಷ ಚುರುಕಾಗಿದ್ದು, ಆಮೇಲೆ ಸೆಕೆಂಡಿಗೆ 10 ಎಂಬಿಗೆ ಇಳಿಯುವುದುಂಟು. ಆ ವೇಗದಲ್ಲಿ 100 ಜಿಬಿ ಬರೆಯಲು ಎರಡೂಮುಕ್ಕಾಲು ಗಂಟೆ ಬೇಕು. ಹೆಚ್ಚು ಜಿಬಿ ಇದೆಯೆಂದು ಸುಳ್ಳು ತೋರಿಸುವ ನಕಲಿಗಳೂ ಮಾರುಕಟ್ಟೆಯಲ್ಲಿವೆ. ಅವು ನಿಜವಾದ ಮಿತಿ ಮೀರಿದ ಮೇಲೂ ಫೈಲುಗಳನ್ನು ಸ್ವೀಕರಿಸುವಂತೆ ನಟಿಸಿ, ತೆರೆಯುವಾಗ ಕೈಕೊಡುತ್ತವೆ. ನಂಬಲಾಗದಷ್ಟು ಕಡಿಮೆ ಬೆಲೆಗೆ ಸಿಕ್ಕಿದ್ದನ್ನು ಬಳಸುವ ಮೊದಲು ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಉಚಿತ ತಂತ್ರಾಂಶದಿಂದ ಪರೀಕ್ಷಿಸಲೇಬೇಕು. ಮೆಮೊರಿ ಕಾರ್ಡಿಗೂ ಇದೇ ಮಾತು ಅನ್ವಯಿಸುತ್ತದೆ.

ನೂರಾರು ಜಿಬಿ ಇದ್ದರೆ ಪೋರ್ಟಬಲ್ ಹಾರ್ಡ್‌ಡಿಸ್ಕ್ ಈಗಲೂ ಮಿತವ್ಯಯದ ದಾರಿ. ಅದರೊಳಗೆ ತಿರುಗುವ ತಟ್ಟೆಗಳಿವೆ, ಅವುಗಳ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಮಾಹಿತಿ ಓದುವ, ಬರೆಯುವ ತಲೆಯೊಂದು ಚಲಿಸುತ್ತಿರುತ್ತದೆ. ಕೆಲಸ ನಡೆಯುವಾಗ ಅದನ್ನು ಅಲುಗಿಸಲೂ ಬಾರದು. ಮೇಜಿನ ಮೇಲಿಂದ ಬಿದ್ದ ಒಂದು ಡಿಸ್ಕಿನೊಡನೆ ನಮ್ಮ ಮನೆಯ ಹಲವು ವರ್ಷಗಳ ಫೋಟೊಗಳು ಹೋದವು, ಅದರ ನೋವು ಇಂದಿಗೂ ಆರಿಲ್ಲ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗಗಳೇ ಇಲ್ಲವಾದ್ದರಿಂದ ಮಕ್ಕಳಿರುವ ಮನೆಗೆ, ವಾರವಾರವೂ ಫೈಲುಗಳನ್ನು ಒಯ್ಯುವವರಿಗೆ, ಬೆಲೆ ಹೆಚ್ಚಾದರೂ ನಾನು ಅದನ್ನೇ ಸೂಚಿಸುತ್ತೇನೆ. ಒಮ್ಮೆ ಮಾತ್ರ ಸಾಗಿಸುವವರು ಪರಿಚಿತರಿಂದ ಹಾರ್ಡ್‌ಡಿಸ್ಕ್ ಎರವಲು ತಂದರೂ ಸಾಕು.

ಜಾಗ ಬೇಕಾದಷ್ಟಿದ್ದರೂ ದೊಡ್ಡ ವಿಡಿಯೊ ಕಾಪಿ ಆಗದೆ ನಿಲ್ಲುವ ತೊಂದರೆ ಬಹಳ ಜನರನ್ನು ಕಾಡುತ್ತದೆ. ಅದಕ್ಕೆ ಕಾರಣ ಡ್ರೈವ್ ಫ್ಯಾಟ್32 ಎಂಬ, ಫೈಲುಗಳನ್ನು ಜೋಡಿಸಿಡುವ ಹಳೆಯ ವಿಧಾನದಲ್ಲಿ ಫಾರ್ಮ್ಯಾಟ್ ಆಗಿರುವುದು. ಅದರಲ್ಲಿ ಒಂದೇ ಫೈಲು 4 ಜಿಬಿ ಮುಟ್ಟುವಂತಿಲ್ಲ. ವಿಂಡೋಸ್‌ನ ಎನ್‌ಟಿಎಫ್‌ಎಸ್ ವಿಧಾನದಲ್ಲಿ ಆ ಮಿತಿ ಇಲ್ಲವಾದರೂ, ಆಪಲ್‌ನ ಮ್ಯಾಕ್ ಕಂಪ್ಯೂಟರ್ ಅದನ್ನು ಓದುತ್ತದೆಯೇ ಹೊರತು ಬೇರೆ ತಂತ್ರಾಂಶದ ನೆರವಿಲ್ಲದೆ ಅದರ ಮೇಲೆ ಬರೆಯುವುದಿಲ್ಲ. ವಿಂಡೋಸ್, ಮ್ಯಾಕ್ ಎರಡೂ ಇರುವ ಮನೆಗೆ ಎಕ್ಸ್‌ಫ್ಯಾಟ್ ಎಂಬ ವಿಧಾನ ಸೂಕ್ತ. 2019ರ ಕೊನೆಯಲ್ಲಿ ಬಂದ 5.4ನೇ ಆವೃತ್ತಿಯಿಂದ ಲಿನಕ್ಸ್‌ನ ತಿರುಳಾದ ಕರ್ನಲ್ ಕೂಡ ಅದನ್ನು ಒಪ್ಪಿಕೊಂಡಿದೆ. ಫಾರ್ಮ್ಯಾಟ್ ಮಾಡಿದರೆ ಡ್ರೈವಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆಂಬುದನ್ನು ನೆನಪಿಟ್ಟು, ಖಾಲಿ ಇರುವಾಗಲೇ ಈ ಕೆಲಸ ಮುಗಿಸಿಕೊಳ್ಳಬೇಕು.

ಸಾಗಿಸುವಾಗ ಕಟ್ ಮಾಡದೆ ಕಾಪಿ ಮಾಡಿ. ಸಾವಿರಾರು ಸಣ್ಣ ಫೈಲುಗಳಿದ್ದರೆ ಅವನ್ನು ಒಂದೇ ಜಿಪ್ ಫೈಲಾಗಿ ಕಟ್ಟಿಕೊಂಡರೆ ಸಮಯ ಉಳಿಯುತ್ತದೆ. ಪರದೆಯ ಮೇಲೆ ಕಾಪಿ ಮುಗಿದಂತೆ ಕಂಡರೂ ಕೆಲವೊಮ್ಮೆ ಕೊನೆಯ ಭಾಗ ಇನ್ನೂ ಡ್ರೈವಿಗೆ ಇಳಿಯುತ್ತಿರುತ್ತದೆ, ಆದ್ದರಿಂದ ಇಜೆಕ್ಟ್ ಕೊಟ್ಟ ಮೇಲೆಯೇ ಕೀಳಬೇಕು. ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಲು ಕೊಟ್ಟ ಪೆನ್‌ಡ್ರೈವನ್ನು ಈ ಕೆಲಸಕ್ಕೆ ಬಳಸಬೇಡಿ. ಫೋಲ್ಡರುಗಳನ್ನೆಲ್ಲ ಶಾರ್ಟ್‌ಕಟ್ ಆಗಿಸುವ ವೈರಸ್ ಹರಡುವುದು ಹಾಗೆಯೇ.

ಹಳೆಯದರಲ್ಲಿ ಏನನ್ನೂ ಅಳಿಸುವ ಮೊದಲು, ಹೊಸ ಕಂಪ್ಯೂಟರಿನಲ್ಲಿ ಒಟ್ಟು ಗಾತ್ರ ಮತ್ತು ಫೈಲುಗಳ ಸಂಖ್ಯೆ ತಾಳೆಯಾಗುತ್ತದೆಯೇ ಎಂದು ನೋಡಿ, ಅಲ್ಲಲ್ಲಿ ಕೆಲವನ್ನು ತೆರೆಯಿರಿ. ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳಲ್ಲಿ ಯುನಿಕೋಡ್‌ಗೆ (ಎಲ್ಲ ಭಾಷೆಗಳ ಅಕ್ಷರಗಳಿಗಿರುವ ಸಾಮಾನ್ಯ ಸಂಕೇತ ಪದ್ಧತಿ) ಮುಂಚಿನ ಫಾಂಟ್ ಬಳಸಿ ಬರೆದ ಕಾಗದಪತ್ರಗಳು ಅಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಂಡರೆ ಗಾಬರಿ ಬೇಡ. ಫೈಲು ಕೆಟ್ಟಿಲ್ಲ, ಆ ಫಾಂಟ್ ಮಾತ್ರ ಜೊತೆಗೆ ಬಂದಿಲ್ಲ. ಹಳೆಯ ಕಂಪ್ಯೂಟರಿನ ಫಾಂಟ್ಸ್ ಫೋಲ್ಡರಿನಿಂದ ಅದನ್ನೂ ಕಾಪಿ ಮಾಡಿ ತಂದು ಹೊಸದರಲ್ಲಿ ಅಳವಡಿಸಿದರೆ ಕನ್ನಡ ಮೊದಲಿನಂತೆ ಕಾಣುತ್ತದೆ.