ಟ್ರೆಜರ್ ಟೋಕನ್: ಮೇಜಿಗೆ ಬರುವುದು ಹೇಗೆ, ಒಡೆಯುವುದು ಯಾವಾಗ?

ಬೆಂಗಳೂರಿನಲ್ಲಿ ಓದುತ್ತಿರುವ ಅಕ್ಕನ ಮಗ ರಜೆಗೆಂದು ಶಿರಸಿಗೆ ಬಂದಾಗ ಚೀಲದಲ್ಲಿ ಎರಡು ಕಟ್ಟು ಮ್ಯಾಜಿಕ್ ಕಾರ್ಡುಗಳನ್ನು ತಂದಿದ್ದ. ಹೊರಗೆ ಕಾಲಿಡಲಾಗದ ಆಷಾಢದ ಮಳೆ. ಚೆನ್ನೆಮಣೆ, ಇಸ್ಪೀಟುಗಳ ಜಾಗದಲ್ಲಿ ಆ ವಾರವೆಲ್ಲ ನಮ್ಮ ಜಗಲಿಯಲ್ಲಿ ಅದೇ ಆಟ ನಡೆಯಿತು. ಮೂರನೆಯ ದಿನ ಅವನ ತಂಗಿ, ಕಾರ್ಡಿನ ಬದಲು ಇಟ್ಟಿದ್ದ ಹುಣಸೆ ಬೀಜವನ್ನು ಬೆರಳಿನಲ್ಲಿ ಹಿಡಿದು, "ಮಾವ, ಇದು ದುಡ್ಡೋ, ಕಾರ್ಡೋ?" ಎಂದು ಕೇಳಿದಳು. ಅವಳ ಕೈಯಲ್ಲಿದ್ದದ್ದು ಟ್ರೆಜರ್ ಟೋಕನ್. ಅದು ದುಡ್ಡೂ ಹೌದು, ಕಾರ್ಡಿನಂತೆ ಮೇಜಿನ ಮೇಲೆ ಕುಳಿತಿರುವ ವಸ್ತುವೂ ಹೌದು. ಈ ಎರಡು ಗುಣಗಳು ಯಾವಾಗ ಯಾವುದು ಮುಂದೆ ಬರುತ್ತವೆ ಎಂಬುದು ತಿಳಿದರೆ ಈ ಟೋಕನ್ ಪೂರ್ತಿ ತಿಳಿದಂತೆ.

ಆಟದ ಪರಿಚಯವಿಲ್ಲದವರಿಗಾಗಿ ಒಂದೆರಡು ಮಾತು. ಗಣಿತ ಓದಿದ ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ 'ಮ್ಯಾಜಿಕ್: ದ ಗ್ಯಾದರಿಂಗ್' ಆಟವನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ 1993ರಲ್ಲಿ ಹೊರತಂದಿತು. ಸಾಮಾನ್ಯ ಕ್ರಮದಲ್ಲಿ ಪ್ರತಿ ಆಟಗಾರನ ಬಳಿ ಕನಿಷ್ಠ 60 ಕಾರ್ಡುಗಳ ಕಟ್ಟು ಮತ್ತು 20 ಪ್ರಾಣಾಂಕಗಳಿರುತ್ತವೆ. ಆಟ ಶುರುವಾಗುವಾಗ ಕೈಯಲ್ಲಿ 7 ಕಾರ್ಡುಗಳಿರುತ್ತವೆ. ಕಾರ್ಡು ಆಡಬೇಕಾದರೆ ಮಾನಾ ಎಂಬ ಶಕ್ತಿಯನ್ನು ತೆರಬೇಕು. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಎಂಬ ಐದು ಬಣ್ಣಗಳ ಮಾನಾ ಮುಖ್ಯವಾಗಿ ಲ್ಯಾಂಡ್ ಕಾರ್ಡುಗಳಿಂದ ಬರುತ್ತದೆ. ಒಂದು ಸರದಿಗೆ ಒಂದೇ ಲ್ಯಾಂಡ್ ಇಡಬಹುದಾದ್ದರಿಂದ ನಾಲ್ಕನೆಯ ಸರದಿಯಲ್ಲಿ ನಾಲ್ಕು ಮಾನಾ, ಐದನೆಯದರಲ್ಲಿ ಐದು ಎಂದು ಆಟ ಮೆಟ್ಟಿಲೇರುತ್ತಾ ಹೋಗುತ್ತದೆ. ಈ ಮೆಟ್ಟಿಲನ್ನು ದಾಟಿ ಹಾರಲು ಇರುವ ದಾರಿಗಳಲ್ಲಿ ಟ್ರೆಜರ್ ಒಂದು. ಅದು ಮೊದಲು ಕಾಣಿಸಿಕೊಂಡದ್ದು 2017ರ ಇಕ್ಸಲಾನ್ ಕಾರ್ಡುಗಳಲ್ಲಿ, ಕಡಲ್ಗಳ್ಳರ ಕೊಳ್ಳೆಯ ರೂಪದಲ್ಲಿ.

ಮೊದಲ ಹಂತ: ಟೋಕನ್ ಮೇಜಿಗೆ ಬರುವುದು

ಟೋಕನ್ ನಿಮ್ಮ ಕಟ್ಟಿನಲ್ಲಿ ಇರುವುದಿಲ್ಲ. ಬೇರೊಂದು ಕಾರ್ಡು 'ಟ್ರೆಜರ್ ಟೋಕನ್ ಒಂದನ್ನು ಸೃಷ್ಟಿಸಿ' ಎಂದು ಹೇಳಿದಾಗ ಮಾತ್ರ ಅದು ಹುಟ್ಟುತ್ತದೆ. ಉದಾಹರಣೆಗೆ ಸೇಲರ್ ಆಫ್ ಮೀನ್ಸ್ ಎಂಬ ನೀಲಿ ಬಣ್ಣದ ನಾವಿಕನಿಗೆ ಮೂರು ಮಾನಾ. ಅವನು ಮೇಜಿಗೆ ಬಂದಾಗ ಒಂದು ಟ್ರೆಜರ್ ಕೊಡುತ್ತಾನೆ. ಪ್ರಾಸ್ಪರಸ್ ಪೈರೇಟ್ಸ್ ಕಾರ್ಡಿಗೆ ಐದು ಮಾನಾ. ಅದು ಎರಡು ಟ್ರೆಜರ್ ಕೊಡುತ್ತದೆ. ಡಬ್ಲಿಂಗ್ ಸೀಸನ್ ಎಂಬ 2005ರ ಹಸಿರು ಕಾರ್ಡು ನಿಮ್ಮ ಮೇಜಿನ ಮೇಲಿದ್ದರೆ ಒಂದು ಹುಟ್ಟಬೇಕಾದಲ್ಲಿ ಎರಡು ಹುಟ್ಟುತ್ತವೆ.

ಟ್ರೆಜರ್ ಬಣ್ಣವಿಲ್ಲದ ಒಂದು ಆರ್ಟಿಫ್ಯಾಕ್ಟ್, ಅಂದರೆ ನಿರ್ಜೀವ ವಸ್ತು. ಕ್ರೀಚರ್ ಎಂದು ಕರೆಯುವ ಜೀವಿಗಳು ಬಂದ ಸರದಿಯಲ್ಲೇ ದಾಳಿ ಮಾಡುವಂತಿಲ್ಲ, ತಮ್ಮನ್ನು ಟ್ಯಾಪ್ ಮಾಡಬೇಕಾದ, ಅಂದರೆ ಬಳಸಿದ ಗುರುತಿಗೆ ಅಡ್ಡ ತಿರುಗಿಸಬೇಕಾದ, ಕೆಲಸಕ್ಕೂ ಇಳಿಯುವಂತಿಲ್ಲ. ಟ್ರೆಜರ್ ಜೀವಿಯಲ್ಲವಾದ್ದರಿಂದ ಆ ಕಟ್ಟುಪಾಡು ಅದಕ್ಕಿಲ್ಲ. ಹುಟ್ಟಿದ ಕ್ಷಣದಲ್ಲೇ ಬಳಸಬಹುದು. ಆದರೆ ಕೆಲವು ಕಾರ್ಡುಗಳು ಟ್ರೆಜರನ್ನು ಟ್ಯಾಪ್ ಆದ ಸ್ಥಿತಿಯಲ್ಲೇ ಕೊಡುತ್ತವೆ. ಅಂಥದ್ದನ್ನು ನಿಮ್ಮ ಮುಂದಿನ ಸರದಿಯ ಆರಂಭದಲ್ಲಿ ನೇರ ಮಾಡಿದ ಮೇಲೆಯೇ ಬಳಸಲು ಬರುತ್ತದೆ. ಕಾರ್ಡಿನ ಸಾಲನ್ನು ಪೂರ್ತಿ ಓದದೆ ಆತುರಪಟ್ಟವರು ಇಲ್ಲಿ ಎಡವುತ್ತಾರೆ.

ಹುಣಸೆ ಬೀಜದ ತೊಂದರೆಯೂ ಇಲ್ಲಿಯೇ ಇದೆ. ಮುದ್ರಿತ ಟೋಕನ್ ಕಾರ್ಡು ಇಲ್ಲದಿದ್ದರೆ ಬೇರೆ ವಸ್ತು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ ಅದು ಟ್ಯಾಪ್ ಆಗಿದೆಯೋ ಇಲ್ಲವೋ ಎಂಬುದು ಎದುರಿಗೆ ಕುಳಿತವನಿಗೂ ಒಂದೇ ನೋಟಕ್ಕೆ ಕಾಣಬೇಕು. ದುಂಡಗಿನ ಬೀಜ ಅಡ್ಡವಾಗಿದೆಯೇ ನೇರವಾಗಿದೆಯೇ ಎಂದು ಯಾರು ಹೇಳಬಲ್ಲರು? ನಾವು ಕೊನೆಗೆ ಹಳೆಯ ಮದುವೆ ಕರೆಯೋಲೆಗಳನ್ನು ಕಾರ್ಡಿನ ಅಳತೆಗೆ ಕತ್ತರಿಸಿ, ಪ್ರತಿ ತುಂಡಿನ ಮೇಲೆ 'ಟ್ರೆಜರ್' ಎಂದು ಬರೆದುಕೊಂಡೆವು. ಕಾರವಾರದ ಕಡಲ ದಂಡೆಯಿಂದ ತಂದ ಉದ್ದನೆಯ ಚಿಪ್ಪುಗಳಾದರೂ ಆದೀತು, ಏಕೆಂದರೆ ಅವುಗಳಿಗೆ ಉದ್ದ-ಅಗಲದ ಭೇದವಿದೆ. ಪ್ರಾಣಾಂಕ ಎಣಿಸಲು ಬಳಸುವ ವಸ್ತು ಮತ್ತು ಟ್ರೆಜರ್ ಎರಡೂ ಒಂದೇ ಬಗೆಯದಾಗಿರದಂತೆ ಮಾತ್ರ ನೋಡಿಕೊಳ್ಳಿ.

ಎರಡನೆಯ ಹಂತ: ಒಡೆಯುವುದು

ಟ್ರೆಜರಿನ ಮೇಲಿರುವ ಸಾಲು ಚಿಕ್ಕದು: ಇದನ್ನು ಟ್ಯಾಪ್ ಮಾಡಿ, ಇದನ್ನು ಬಲಿ ಕೊಡಿ, ಯಾವುದೇ ಒಂದು ಬಣ್ಣದ ಒಂದು ಮಾನಾ ಪಡೆಯಿರಿ. ಆಟಗಾರರ ಮಾತಿನಲ್ಲಿ ಇದನ್ನೇ ಟ್ರೆಜರ್ ಒಡೆಯುವುದು ಎನ್ನುತ್ತಾರೆ. ಟ್ಯಾಪ್ ಮಾಡುವುದೂ ಬಲಿ ಕೊಡುವುದೂ ನೀವು ತೆರುವ ಬೆಲೆ; ಮಾನಾ ನಿಮಗೆ ಸಿಗುವ ಫಲ. ಬೆಲೆ ಮತ್ತು ಫಲಗಳ ಈ ಗೆರೆಯನ್ನು ಮನಸ್ಸಿನಲ್ಲಿ ಸ್ಪಷ್ಟವಾಗಿ ಎಳೆದುಕೊಂಡರೆ ಮುಂದಿನ ಎಷ್ಟೋ ಜಗಳಗಳು ತಪ್ಪುತ್ತವೆ.

'ಯಾವುದೇ ಬಣ್ಣ' ಎಂಬ ಮಾತಿನ ಬೆಲೆಯನ್ನು ಹೊಸಬರು ಬಹಳ ಕಡಿಮೆ ಅಂದಾಜು ಮಾಡುತ್ತಾರೆ. ನಿಮ್ಮ ಎದುರಿಗೆ ನಾಲ್ಕು ನೀಲಿ ಲ್ಯಾಂಡುಗಳಿವೆ, ಕೈಯಲ್ಲಿ ಒಂದು ಕೆಂಪು ಮಾನಾ ಬೇಡುವ ಕಾರ್ಡು ಸಿಕ್ಕಿಹಾಕಿಕೊಂಡಿದೆ ಎಂದುಕೊಳ್ಳಿ. ಕೆಂಪು ಲ್ಯಾಂಡ್ ಬರುವ ತನಕ ಅದು ಸತ್ತ ಕಾರ್ಡು. ಒಂದು ಟ್ರೆಜರ್ ಇದ್ದರೆ ಅದೇ ಕ್ಷಣ ಅದಕ್ಕೆ ಜೀವ ಬರುತ್ತದೆ.

ಇನ್ನು ಈ ಟೋಕನ್ನಿನ ಅತಿ ಮುಖ್ಯ ಗುಣ. ಮ್ಯಾಜಿಕ್ ಆಟದಲ್ಲಿ ಆಡಿದ ಮಂತ್ರಗಳೂ (ಲ್ಯಾಂಡ್ ಬಿಟ್ಟು ಉಳಿದ ಕಾರ್ಡುಗಳು), ಕಾರ್ಡಿನ ಸಾಲುಗಳು ಕೊಡುವ ಬಹುಪಾಲು ಸಾಮರ್ಥ್ಯಗಳೂ ಮೊದಲು ಸ್ಟ್ಯಾಕ್ ಎಂಬ ಅಟ್ಟಿಯ ಮೇಲೆ ಕುಳಿತುಕೊಳ್ಳುತ್ತವೆ. ಊಟಕ್ಕೆ ಜೋಡಿಸಿಟ್ಟ ಬಾಳೆ ಎಲೆಗಳಂತೆ, ಕೊನೆಯಲ್ಲಿ ಮೇಲಿಟ್ಟದ್ದು ಮೊದಲು ಹೊರಗೆ ಬರುತ್ತದೆ; ಹಾಗಾಗಿ ನಿಮ್ಮ ಆಟಕ್ಕೆ ಎದುರಾಳಿ ಮೇಲಿನಿಂದ ಉತ್ತರ ಕೊಡಬಹುದು. ಆದರೆ ಗುರಿಯನ್ನು ಆರಿಸಬೇಕಾಗಿಲ್ಲದ, ಮಾನಾ ಕೊಡುವ ಇಂಥ ಸಾಮರ್ಥ್ಯ ಈ ಅಟ್ಟಿಯನ್ನು ಹತ್ತುವುದೇ ಇಲ್ಲ. ನೀವು ಟ್ರೆಜರ್ ಒಡೆದಿರಿ, ಮಾನಾ ಬಂತು, ಮುಗಿಯಿತು. ನಡುವೆ ಯಾರಿಗೂ ಬಾಯಿ ಹಾಕಲು ಅವಕಾಶವಿಲ್ಲ.

ಇದರ ಬಲ ಕಾಣಬೇಕಾದರೆ ಮಾನಾ ಲೀಕ್ ಎಂಬ ಎರಡು ಮಾನಾದ ನೀಲಿ ಕಾರ್ಡನ್ನು ನೋಡಬೇಕು. ನೀವು ಐದು ಲ್ಯಾಂಡುಗಳನ್ನೂ ಬಳಸಿ ಒಂದು ದೊಡ್ಡ ಕ್ರೀಚರ್ ಆಡಿದಿರಿ. ಎದುರಾಳಿ ಮಾನಾ ಲೀಕ್ ಹಾಕುತ್ತಾನೆ: ಇನ್ನೂ ಮೂರು ಮಾನಾ ತೆತ್ತರೆ ನಿಮ್ಮ ಕ್ರೀಚರ್ ಉಳಿಯಿತು, ಇಲ್ಲವಾದರೆ ಹೋಯಿತು. ಲ್ಯಾಂಡುಗಳೆಲ್ಲ ಅಡ್ಡ ಬಿದ್ದಿರುವುದನ್ನು ನೋಡಿಯೇ ಅವನು ಹಾಕಿದ್ದಾನೆ. ಆದರೆ ನಿಮ್ಮ ಪಕ್ಕದಲ್ಲಿ ಮೂರು ಟ್ರೆಜರ್ ನೇರವಾಗಿ ನಿಂತಿದ್ದರೆ, ಅವನ ಕಾರ್ಡು ಹಣ ಕೇಳುವ ಆ ಘಳಿಗೆಯಲ್ಲೇ ಮೂರನ್ನೂ ಒಡೆದು ಕೊಟ್ಟುಬಿಡಬಹುದು. ಎದುರಾಳಿಯ ಮೇಜನ್ನು ನೋಡುವಾಗ ನೇರವಾಗಿರುವ ಲ್ಯಾಂಡುಗಳ ಜೊತೆಗೆ ಟ್ರೆಜರುಗಳನ್ನೂ ಕೂಡಿಸಿ ಎಣಿಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಹೀಗೆ ಬಂದ ಮಾನಾ ಉಳಿತಾಯವಾಗುವುದಿಲ್ಲ. ಸರದಿಯ ಪ್ರತಿ ಘಟ್ಟ ಮುಗಿಯುವಾಗಲೂ ಬಳಸದ ಮಾನಾ ಬರಿದಾಗುತ್ತದೆ. ನಾನೇ ಒಮ್ಮೆ ದಾಳಿಗೆ ಮುಂಚಿನ ಘಟ್ಟದಲ್ಲಿ ಮೂರು ಟ್ರೆಜರ್ ಒಡೆದು, ಎರಡು ಮಾನಾ ಬಳಸಿ, ಉಳಿದ ಒಂದನ್ನು ದಾಳಿಯ ನಡುವೆ ಬಳಸೋಣವೆಂದು ಮುಂದೆ ಹೋದೆ. ದಾಳಿ ಶುರುವಾಗುವಷ್ಟರಲ್ಲಿ ಆ ಮಾನಾ ಇರಲಿಲ್ಲ, ಟ್ರೆಜರೂ ಇರಲಿಲ್ಲ. ಆ ಒಂದು ಮಾನಾ ಸಾಲದೆ ನನ್ನ ಕೈಯಲ್ಲಿದ್ದ ರಕ್ಷಣೆಯ ಕಾರ್ಡು ಕೈಯಲ್ಲೇ ಉಳಿಯಿತು. ಲ್ಯಾಂಡಿನಿಂದ ಬಂದ ಮಾನಾ ಪೋಲಾದರೆ ಮುಂದಿನ ಸರದಿಗೆ ಆ ಲ್ಯಾಂಡು ಮತ್ತೆ ದುಡಿಯುತ್ತದೆ. ಟ್ರೆಜರ್ ಪೋಲಾದರೆ ಪೋಲಾದಂತೆಯೇ. ಆದ್ದರಿಂದ ಮೊದಲು ಆಡುವ ಕಾರ್ಡನ್ನು ನಿರ್ಧರಿಸಿ, ಅದಕ್ಕೆ ಲ್ಯಾಂಡುಗಳು ಎಷ್ಟು ಕೊಡುತ್ತವೆ ಎಂದು ನೋಡಿ, ಕೊರತೆ ಬಿದ್ದಷ್ಟೇ ಟ್ರೆಜರ್ ಒಡೆಯಿರಿ.

ಮೂರನೆಯ ಹಂತ: ಒಡೆಯುವ ಹೊತ್ತನ್ನು ಆರಿಸುವುದು

ನಮ್ಮ ಕಡೆಯ ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಲ್ಯಾಂಡ್ ಎಂದರೆ ತೋಟ, ವರ್ಷ ವರ್ಷವೂ ಅಡಿಕೆ ಕೊನೆ ಕೊಡುತ್ತದೆ. ಟ್ರೆಜರ್ ಎಂದರೆ ಅಟ್ಟದ ಮೇಲೆ ಕಟ್ಟಿಟ್ಟ ಚಾಲಿ ಅಡಿಕೆಯ ಚೀಲ. ಯಾವಾಗ ಬೇಕಾದರೂ ಮಾರಬಹುದು, ಆದರೆ ಒಮ್ಮೆ ಮಾತ್ರ. ದರ ಏರುತ್ತದೆಂದು ಕಾಯುತ್ತಾ ಕುಳಿತು ಮದುವೆಯ ಖರ್ಚಿಗೆ ಸಾಲ ಮಾಡುವುದೂ ತಪ್ಪು, ಕೊಯ್ಲಾದ ವಾರವೇ ಕೈಗೆ ಬಂದ ದರಕ್ಕೆ ಮಾರಿಬಿಡುವುದೂ ತಪ್ಪು.

ಮೇಲೆ ಹೇಳಿದ ಎರಡು ಕಾರ್ಡುಗಳನ್ನೇ ಸಾಲಾಗಿ ಇಟ್ಟು ನೋಡೋಣ. ಮೂರನೆಯ ಸರದಿಯಲ್ಲಿ ಮೂರು ಲ್ಯಾಂಡುಗಳಿಂದ ನಾವಿಕನನ್ನು ಆಡಿದಿರಿ, ಒಂದು ಟ್ರೆಜರ್ ಬಂತು. ನಾಲ್ಕನೆಯ ಸರದಿಯಲ್ಲಿ ನಾಲ್ಕು ಲ್ಯಾಂಡು ಮತ್ತು ಆ ಟ್ರೆಜರ್ ಸೇರಿ ಐದು ಮಾನಾ; ಅದರಿಂದ ಪ್ರಾಸ್ಪರಸ್ ಪೈರೇಟ್ಸ್ ಒಂದು ಸರದಿ ಮುಂಚೆಯೇ ಇಳಿಯುತ್ತದೆ, ಎರಡು ಟ್ರೆಜರ್ ಹುಟ್ಟುತ್ತವೆ. ಐದನೆಯ ಸರದಿಯಲ್ಲಿ ಐದು ಲ್ಯಾಂಡು, ಎರಡು ಟ್ರೆಜರ್, ಒಟ್ಟು ಏಳು ಮಾನಾ. ಟ್ರೆಜರ್ ಒಡೆದು ಮತ್ತಷ್ಟು ಟ್ರೆಜರ್ ಹುಟ್ಟಿಸುವಂತಿದ್ದರೆ ಹಿಂದುಮುಂದು ನೋಡದೆ ಒಡೆಯಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಕೈಯಲ್ಲಿರುವುದು ಇನ್ನೊಂದು ಸಾಧಾರಣ ಕ್ರೀಚರ್, ಅದನ್ನು ಈ ಸರದಿಯ ಬದಲು ಮುಂದಿನ ಸರದಿಯಲ್ಲಿ ಇಳಿಸಿದರೂ ನಡೆಯುತ್ತದೆ ಎನ್ನುವಾಗ ಟ್ರೆಜರಿಗೆ ಕೈ ಹಾಕಬಾರದು. ನೇರವಾಗಿ ನಿಂತ ಎರಡು ಟ್ರೆಜರ್ ಎದುರಾಳಿಯ ಮನಸ್ಸಿನಲ್ಲಿ ಹುಟ್ಟಿಸುವ ಅನುಮಾನಕ್ಕೂ ಬೆಲೆಯಿದೆ.

ಒಂದೇ ಟ್ರೆಜರನ್ನು ಎರಡು ಬೆಲೆಗಳಿಗೆ ತೆರಲು ಬರುವುದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. 2021ರಲ್ಲಿ ಬಂದ ಡೆಡ್ಲಿ ಡಿಸ್ಪ್ಯೂಟ್ ಕಾರ್ಡಿಗೆ ಎರಡು ಮಾನಾ ಬೇಕು, ಜೊತೆಗೆ ಒಂದು ಆರ್ಟಿಫ್ಯಾಕ್ಟನ್ನೋ ಕ್ರೀಚರನ್ನೋ ಬಲಿ ಕೊಡಬೇಕು. ಪ್ರತಿಯಾಗಿ ಎರಡು ಕಾರ್ಡು ಎತ್ತಿಕೊಂಡು ಒಂದು ಟ್ರೆಜರ್ ಪಡೆಯಬಹುದು. ಟ್ರೆಜರೂ ಆರ್ಟಿಫ್ಯಾಕ್ಟೇ ಆದ್ದರಿಂದ ಅದನ್ನು ಬಲಿ ಕೊಟ್ಟು ಹೊಸ ಟ್ರೆಜರ್ ಪಡೆಯುವುದು ಒಳ್ಳೆಯ ವ್ಯವಹಾರ. ಆದರೆ ಮಾನಾಕ್ಕಾಗಿ ಒಡೆದ ಟ್ರೆಜರನ್ನೇ ತೋರಿಸಿ 'ಇದೇ ನನ್ನ ಬಲಿಯೂ ಹೌದು' ಎನ್ನುವಂತಿಲ್ಲ. ಅಕ್ಕನ ಮಕ್ಕಳಿಬ್ಬರ ನಡುವೆ ಅತಿ ದೊಡ್ಡ ವಾಗ್ವಾದ ನಡೆದದ್ದು ಈ ಒಂದು ವಿಷಯಕ್ಕೆ. ಒಂದು ಬಲಿ ಒಂದು ಬೆಲೆಗೆ ಮಾತ್ರ ಸಲ್ಲುತ್ತದೆ.

ಒಡೆದ ಟ್ರೆಜರ್ ಎಲ್ಲಿಗೆ ಹೋಗುತ್ತದೆ? ಗ್ರೇವ್‌ಯಾರ್ಡ್ ಎನ್ನುವ ಸ್ಮಶಾನದ ರಾಶಿಗೆ ಹೋಗುತ್ತದೆ, ಆದರೆ ಅಲ್ಲಿ ಉಳಿಯದೆ ಕೂಡಲೇ ಇಲ್ಲವಾಗುತ್ತದೆ. ಕ್ಷಣಮಾತ್ರದ ಈ ಪ್ರಯಾಣ ಲೆಕ್ಕಕ್ಕೆ ಬರುತ್ತದೆ: ಆರ್ಟಿಫ್ಯಾಕ್ಟ್ ಒಂದು ಮೇಜಿನಿಂದ ಸ್ಮಶಾನಕ್ಕೆ ಹೋದಾಗಲೆಲ್ಲ ಎದುರಾಳಿಯ ಒಂದು ಪ್ರಾಣಾಂಕ ಕಳೆಯುವ ಡಿಸೈಪಲ್ ಆಫ್ ದ ವಾಲ್ಟ್ ನಿಮ್ಮ ಬಳಿ ಇದ್ದರೆ, ಒಡೆದ ಪ್ರತಿ ಟ್ರೆಜರಿಗೂ ಅವನ ಒಂದು ಅಂಕ ಹೋಗುತ್ತದೆ. ಟ್ರೆಜರನ್ನು ಕೈಗೆ ಮರಳಿಸುವ ಕಾರ್ಡು ಯಾರಾದರೂ ಆಡಿದರೂ ಅದು ಮತ್ತೆ ಸಿಗುವುದಿಲ್ಲ. ಮೇಜು ಬಿಟ್ಟ ಟೋಕನ್ ಮಾಯವಾದಂತೆ.

ಟ್ರೆಜರನ್ನು ಅದರ ಬಂಧುಗಳ ಜೊತೆ ಬೆರೆಸಬೇಡಿ. 2016ರಲ್ಲಿ ಬಂದ ಕ್ಲೂ ಟೋಕನ್ನಿಗೆ ಎರಡು ಮಾನಾ ತೆತ್ತು ಬಲಿ ಕೊಟ್ಟರೆ ಒಂದು ಕಾರ್ಡು ಸಿಗುತ್ತದೆ; 2019ರ ಫುಡ್ ಟೋಕನ್ನಿಗೆ ಎರಡು ಮಾನಾ ತೆತ್ತು, ಟ್ಯಾಪ್ ಮಾಡಿ, ಬಲಿ ಕೊಟ್ಟರೆ ಮೂರು ಪ್ರಾಣಾಂಕ ಸಿಗುತ್ತವೆ. ಇವೆರಡೂ ಮಾನಾ ಕೊಡುವುದಿಲ್ಲವಾದ್ದರಿಂದ ಸ್ಟ್ಯಾಕ್ ಹತ್ತುತ್ತವೆ. ಇನ್ನು 2014ರ ಗೋಲ್ಡ್ ಟೋಕನ್ ಟ್ರೆಜರಿನ ಅಣ್ಣನಿದ್ದಂತೆ; ಅದನ್ನು ಟ್ಯಾಪ್ ಮಾಡಬೇಕಾಗಿಲ್ಲ, ಬಲಿ ಕೊಟ್ಟರೆ ಸಾಕು.

ನಾಲ್ಕನೆಯ ಹಂತ: ಕಾಪಾಡಿಕೊಳ್ಳುವುದು

ರಾಶಿ ಹಾಕಿದ ಟ್ರೆಜರಿಗೆ ಶತ್ರುಗಳೂ ಇದ್ದಾರೆ. ವ್ಯಾಂಡಲ್‌ಬ್ಲಾಸ್ಟ್ ಎಂಬ ಕೆಂಪು ಕಾರ್ಡು ಒಂದು ಮಾನಾಕ್ಕೆ ಎದುರಿನವರ ಒಂದು ಆರ್ಟಿಫ್ಯಾಕ್ಟನ್ನೂ, ಐದು ಮಾನಾಕ್ಕೆ ಎಲ್ಲವನ್ನೂ ನಾಶ ಮಾಡುತ್ತದೆ. ಅದು ಸ್ಟ್ಯಾಕ್ ಮೇಲಿರುವಾಗಲೇ ನೀವು ಟ್ರೆಜರುಗಳನ್ನು ಒಡೆದುಕೊಳ್ಳಬಹುದು, ಆದರೆ ಬಂದ ಮಾನಾವನ್ನು ಆಗಲೇ ಬಳಸಲು ಎದುರಾಳಿಯ ಸರದಿಯಲ್ಲೂ ಆಡಬಹುದಾದ ಇನ್‌ಸ್ಟಂಟ್ ಕಾರ್ಡು ಕೈಯಲ್ಲಿರಬೇಕು. ಸ್ಟೋನಿ ಸೈಲೆನ್ಸ್ ಎಂಬ ಬಿಳಿ ಕಾರ್ಡು ಇನ್ನೊಂದು ಬಗೆ. ಅದು ಮೇಜಿನ ಮೇಲಿರುವ ತನಕ ಆರ್ಟಿಫ್ಯಾಕ್ಟುಗಳ ಸಾಮರ್ಥ್ಯವನ್ನು ಬಳಸುವಂತಿಲ್ಲ, ಟ್ರೆಜರಿನ ಮಾನಾವೂ ಬರುವುದಿಲ್ಲ. ಆಗಲೂ ಡೆಡ್ಲಿ ಡಿಸ್ಪ್ಯೂಟಿಗೆ ಟ್ರೆಜರನ್ನು ಬಲಿ ಕೊಡಬಹುದು, ಏಕೆಂದರೆ ಅಲ್ಲಿ ಬಲಿ ಕೇಳುತ್ತಿರುವುದು ಟ್ರೆಜರಿನ ಸಾಲಲ್ಲ, ಇನ್ನೊಂದು ಕಾರ್ಡಿನ ಸಾಲು.

ಟ್ರೆಜರನ್ನು ಒಡೆಯದೆಯೇ ಗೆಲ್ಲುವ ಒಂದು ದಾರಿಯೂ ಇದೆ. ರೆವೆಲ್ ಇನ್ ರಿಚಸ್ ಎಂಬ ಐದು ಮಾನಾದ ಕಪ್ಪು ಕಾರ್ಡು, ಎದುರಾಳಿಯ ಕ್ರೀಚರ್ ಸತ್ತಾಗಲೆಲ್ಲ ನಿಮಗೊಂದು ಟ್ರೆಜರ್ ಕೊಡುತ್ತದೆ. ನಿಮ್ಮ ಸರದಿಯ ಆರಂಭದಲ್ಲಿ, ಹೊಸ ಕಾರ್ಡು ಎತ್ತುವ ಮುಂಚಿನ ಅಪ್‌ಕೀಪ್ ಘಟ್ಟದಲ್ಲಿ, ಹತ್ತು ಅಥವಾ ಹೆಚ್ಚು ಟ್ರೆಜರ್ ಇದ್ದರೆ ಆಟ ನಿಮ್ಮದು. ಆ ಎಣಿಕೆ ನಡೆಯುವುದು ಎರಡು ಸಲ: ಘಟ್ಟ ಶುರುವಾದಾಗ ಒಮ್ಮೆ, ಸಾಮರ್ಥ್ಯ ಸ್ಟ್ಯಾಕಿನಿಂದ ಇಳಿಯುವಾಗ ಇನ್ನೊಮ್ಮೆ. ಸರಿಯಾಗಿ ಹತ್ತೇ ಇಟ್ಟುಕೊಂಡು ಕುಳಿತರೆ, ನಡುವೆ ಎದುರಾಳಿ ಒಂದನ್ನು ನಾಶ ಮಾಡಿ ಲೆಕ್ಕವನ್ನು ಒಂಬತ್ತಕ್ಕೆ ಇಳಿಸಿಯಾನು. ಈ ದಾರಿ ಹಿಡಿಯುವವರು ಹನ್ನೊಂದೋ ಹನ್ನೆರಡೋ ಆಗುವ ತನಕ ಒಂದನ್ನೂ ಒಡೆಯದೆ ಕಾಯಬೇಕು, ಎಣಿಸುವಾಗ ಎದುರಿನವನಿಗೆ ಕೇಳುವಂತೆ ಬಾಯಿಬಿಟ್ಟು ಎಣಿಸಬೇಕು.