ದೊಡ್ಡ ಬೋಗುಣಿ ಕಡೆಯಲು ಎಂತಹ ಲೇತ್ ಕೊಳ್ಳಬೇಕು?

ಚನ್ನಪಟ್ಟಣದ ಗೊಂಬೆ ಕಡೆಯುವ ಲೇತಿಗೆ ಆಲೆ ಮರದ ಸಣ್ಣ ತುಂಡು ಸಾಕು. ಹಲಸಿನ ಅಥವಾ ಮಾವಿನ ಹಸಿ ದಿಮ್ಮಿಯಿಂದ ಅಗಲವಾದ ಬೋಗುಣಿ ಕಡೆಯುವುದು ಬೇರೆಯೇ ಕೆಲಸ. 16 ಅಂಗುಲ ಅಗಲ, 6 ಅಂಗುಲ ದಪ್ಪದ ಹಸಿ ತುಂಡು ಸುಮಾರು 20 ಕಿಲೋ ತೂಗುತ್ತದೆ. ಗುಂಡಗಾಗುವವರೆಗೆ ಅದರ ಒಂದು ಬದಿ ಇನ್ನೊಂದಕ್ಕಿಂತ ಭಾರವಾಗಿಯೇ ಇರುತ್ತದೆ.

ಮೊದಲು ನೀವು ಕಡೆಯಬೇಕೆಂದಿರುವ ಅತಿ ದೊಡ್ಡ ಬೋಗುಣಿಯ ಅಗಲವನ್ನು ಬರೆದಿಟ್ಟುಕೊಳ್ಳಿ. ಲೇತಿನ ವಿವರಪಟ್ಟಿಯಲ್ಲಿ 'ಸ್ವಿಂಗ್' ಎಂದು ಬರೆದಿರುವುದು ಸ್ಪಿಂಡಲ್‌ನ (ಮರವನ್ನು ತಿರುಗಿಸುವ ದಂಡ) ನಡುವಿನಿಂದ ಬೆಡ್‌ವರೆಗಿನ (ಲೇತಿನ ಉದ್ದನೆಯ ತಳಭಾಗ) ಅಂತರದ ಎರಡರಷ್ಟು. ಆದರೆ ಉಳಿಯನ್ನು ಆನಿಸಿ ಹಿಡಿಯುವ ಟೂಲ್ ರೆಸ್ಟಿನ ಬುಡವು ಮರದ ಕೆಳಗೆ ಬಂದಾಗ ಅಷ್ಟು ಜಾಗ ಉಳಿಯುವುದಿಲ್ಲವಾದ್ದರಿಂದ, ಅಂಗಡಿಯಲ್ಲಿ ಆ ಬುಡದ ಮೇಲಿನಿಂದಲೇ ಅಳೆದು ನೋಡಿ. ಒರಟು ತುಂಡು ಮುಗಿದ ಬೋಗುಣಿಗಿಂತ ಅಗಲವಾಗಿರುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯದು ಅತಿ ಕಡಿಮೆ ವೇಗ; ನನ್ನ ಮಟ್ಟಿಗೆ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಇದೇ. ಅಂಗುಲದಲ್ಲಿರುವ ವ್ಯಾಸವನ್ನು ನಿಮಿಷದ ಸುತ್ತುಗಳಿಂದ ಗುಣಿಸಿದರೆ 6000ದಿಂದ 9000ದ ಒಳಗೆ ಬರಬೇಕು ಎಂಬುದು ಮರ ಕಡೆಯುವವರು ಬಳಸುವ ಲೆಕ್ಕ. ಅದರಂತೆ 16 ಅಂಗುಲದ ತುಂಡಿಗೆ ಸುಮಾರು 375ರಿಂದ 560 ಸುತ್ತು. ಇದು ಗುಂಡಗಾದ, ತೂಕ ಸಮವಾದ ತುಂಡಿಗೆ ಮಾತ್ರ ಅನ್ವಯಿಸುತ್ತದೆ. ಒರಟು ತುಂಡನ್ನು ಇನ್ನೂ ಬಹಳ ನಿಧಾನವಾಗಿ ಆರಂಭಿಸಬೇಕಾಗಿರುವುದರಿಂದ, 50–100 ಸುತ್ತಿಗೆ ಇಳಿಯುವ ಲೇತನ್ನೇ ಹುಡುಕಿ. 500 ಸುತ್ತಿಗಿಂತ ಕೆಳಗೆ ಇಳಿಯದ ಲೇತ್ ಎಷ್ಟೇ ಅಗಲಕ್ಕೆ ಜಾಗ ಕೊಟ್ಟರೂ ಈ ಕೆಲಸಕ್ಕೆ ತಕ್ಕದ್ದಲ್ಲ. 500 ಸುತ್ತಿನಲ್ಲಿ 16 ಅಂಗುಲದ ಮರದ ಅಂಚು ಸೆಕೆಂಡಿಗೆ 10 ಮೀಟರಿಗೂ ಹೆಚ್ಚು ಓಡುತ್ತದೆ. ಅಂಥ ವೇಗದಲ್ಲಿ ಕಿತ್ತು ಹಾರುವ ತುಂಡನ್ನು ಯಾರೂ ತಪ್ಪಿಸಿಕೊಳ್ಳಲಾರರು.

ವೇಗವನ್ನು ಇಳಿಸುವ ಬಗೆಯನ್ನೂ ಕೇಳಿ ತಿಳಿಯಿರಿ. ವಿಎಫ್‌ಡಿ (ಮೋಟಾರಿನ ವೇಗವನ್ನು ಹೆಚ್ಚು ಕಡಿಮೆ ಮಾಡುವ ವಿದ್ಯುತ್ ಸಾಧನ) ಇರುವ ಲೇತ್‌ಗಳಲ್ಲಿ ಗುಂಡಿ ತಿರುಗಿಸಿ ವೇಗ ಬದಲಿಸಬಹುದು; ಮನೆಯ 230 ವೋಲ್ಟ್ ಸಿಂಗಲ್ ಫೇಸ್ ವಿದ್ಯುತ್ತಿನಿಂದಲೇ ತ್ರೀ ಫೇಸ್ ಮೋಟಾರನ್ನು ಓಡಿಸುವ ವಿಎಫ್‌ಡಿಗಳೂ ಸಿಗುತ್ತವೆ. ಆದರೆ ಬರಿಯ ವಿಎಫ್‌ಡಿಯಿಂದಲೇ ವೇಗವನ್ನು ತೀರಾ ಇಳಿಸಿದಾಗ ಮೋಟಾರಿನ ಬಲವೂ ಕುಗ್ಗುತ್ತದೆ. ಆದ್ದರಿಂದ ಬೆಲ್ಟನ್ನು ಪುಲ್ಲಿಯ ನಿಧಾನದ ಜಾಗಕ್ಕೆ ಬದಲಿಸುವ ಅನುಕೂಲವೂ ಇರಬೇಕು. ಈ ಅಗಲಕ್ಕೆ 1.5ರಿಂದ 2 ಎಚ್‌ಪಿ ಮೋಟಾರು ಸಾಕಾಗುತ್ತದೆ.

ಮೂರನೆಯದು ತೂಕ. ಬೆಡ್, ಹೆಡ್‌ಸ್ಟಾಕ್ (ಸ್ಪಿಂಡಲನ್ನು ಹೊತ್ತ ಭಾಗ), ಕಾಲುಗಳೆಲ್ಲ ಎರಕದ ಕಬ್ಬಿಣದವಾಗಿದ್ದರೆ ನಡುಕ ಕಡಿಮೆ. ತೆಳು ತಗಡಿನ ಕಾಲಿದ್ದರೆ ಅಡಿಯಲ್ಲಿ ಹಲಗೆ ಕಟ್ಟಿಸಿ ಮರಳಿನ ಚೀಲ ಹೇರಬಹುದು, ಕಾಂಕ್ರೀಟ್ ನೆಲಕ್ಕೆ ಬೋಲ್ಟ್ ಹಾಕಿಸಬಹುದು. ಹಣ ಸಾಲದೆ ಹೋದರೆ ವ್ಯಾಸದಲ್ಲಿ ಒಂದು ಹೆಜ್ಜೆ ಕಡಿಮೆ ಮಾಡಿಕೊಳ್ಳಿ, ತೂಕದಲ್ಲಿ ಬೇಡ.

ಸ್ಪಿಂಡಲ್‌ನ ಮರೆ (ತಿರುಪಿನ ಸುತ್ತು) ನಿಮ್ಮಲ್ಲಿರುವ ಚಕ್ಕಿಗೆ, ಅಂದರೆ ಮರದ ತುಂಡನ್ನು ಕಚ್ಚಿ ಹಿಡಿಯುವ ಸಾಧನಕ್ಕೆ, ಹೊಂದುತ್ತದೆಯೇ ನೋಡಿ. ದೊಡ್ಡ ಲೇತ್‌ಗಳಲ್ಲಿ ಎಂ33 (33 ಮಿ.ಮೀ. ವ್ಯಾಸದ) ಮರೆ ಸಾಮಾನ್ಯ. ಹೆಡ್‌ಸ್ಟಾಕನ್ನು ಬೆಡ್‌ನ ಕೊನೆಗೆ ಸರಿಸುವಂತಿದ್ದರೆ ಬೋಗುಣಿಯ ಒಳಭಾಗ ಕಡೆಯುವಾಗ ಬೆಡ್ ಮೇಲೆ ಬಾಗಿ ನಿಲ್ಲುವ ಕಷ್ಟ ತಪ್ಪುತ್ತದೆ.

ಕೊನೆಗೆ ಲೇತಿನ ಎದುರು ನಿಂತು ನೋಡಿ. ಸ್ಪಿಂಡಲ್ ಮೊಣಕೈ ಎತ್ತರಕ್ಕೆ ಬರಬೇಕು. ತಗ್ಗಾಗಿದ್ದರೆ ಕಾಲುಗಳ ಕೆಳಗೆ ಗಟ್ಟಿ ಮರದ ದಪ್ಪ ತುಂಡುಗಳನ್ನು ಕೊಟ್ಟು, ನಾಲ್ಕೂ ಕಾಲು ನೆಲಕ್ಕೆ ಸಮನಾಗಿ ಕೂರುವಂತೆ ಮಾಡಿದ ಮೇಲೆಯೇ ಬೋಲ್ಟ್ ಬಿಗಿಸಿ.