ಸರಿಯೋ ಬೆಸವೋ: ಎಕ್ಸೆಲ್ ಮ್ಯಾಕ್ರೊಗೆ ಹೇಳಿಕೊಡುವ ಬಗೆ

ಮೆಕ್ಕೆಜೋಳದ ಸುಗ್ಗಿಯಲ್ಲಿ ದಾವಣಗೆರೆಯ ಮಂಡಿಯೊಂದರ ಗುಮಾಸ್ತರು ಟೋಕನ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಟ್ಟಿದ್ದಾರೆ ಎನ್ನಿ. ಬೆಸ ನಂಬರಿನ ಗಾಡಿ ಒಂದು ವೇಬ್ರಿಡ್ಜ್‌ಗೆ, ಸಮ ನಂಬರಿನದು ಇನ್ನೊಂದಕ್ಕೆ. ಈ ವಿಂಗಡಣೆಯನ್ನು ಮ್ಯಾಕ್ರೊಗೆ, ಅಂದರೆ ಎಕ್ಸೆಲ್‌ನೊಳಗೇ ನಡೆಯುವ ಪುಟ್ಟ ಪ್ರೋಗ್ರಾಂಗೆ, ಒಪ್ಪಿಸಬಹುದು.

ಆಲ್ಟ್ ಹಿಡಿದು ಎಫ್11 ಒತ್ತಿ, ಮ್ಯಾಕ್ರೊ ಬರೆಯುವ ಕಿಟಕಿ ತೆರೆಯುತ್ತದೆ. ಅಲ್ಲಿನ ಇನ್ಸರ್ಟ್ ಮೆನುವಿನಲ್ಲಿ ಮಾಡ್ಯೂಲ್ ಆರಿಸಿ. ಟೋಕನ್ ಸಂಖ್ಯೆಗೆ 'ಎನ್' ಎಂಬ ವೇರಿಯಬಲ್ ಇಟ್ಟು ಅದನ್ನು 'ಲಾಂಗ್' (ದೊಡ್ಡ ಪೂರ್ಣ ಸಂಖ್ಯೆ ಹಿಡಿಸುವ ಬಗೆ) ಎಂದೇ ಘೋಷಿಸಿ. ಚಿಕ್ಕ ಬಗೆಯಾದ 'ಇಂಟಿಜರ್' ಆದರೆ 32,767 ದಾಟಿದೊಡನೆ ಮ್ಯಾಕ್ರೊ ಓವರ್‌ಫ್ಲೋ ಎಂದು ನಿಲ್ಲುತ್ತದೆ. ತಿರುಳೆಲ್ಲ ಒಂದೇ ಸಾಲಿನಲ್ಲಿದೆ: 'ಇಫ್ ಎನ್ ಮಾಡ್ 2 = 0 ದೆನ್'. 'ಮಾಡ್' ಕೊಡುವುದು ಭಾಗಾಕಾರದ ಶೇಷವನ್ನು. ಶೇಷ ಸೊನ್ನೆಯಾದರೆ ಸಮ, ಉಳಿದದ್ದೆಲ್ಲ ಬೆಸ.

ಬೆಸ ಹುಡುಕಲು ಹಲವರು '= 1' ಎಂದು ಬರೆಯುತ್ತಾರೆ. ಟೋಕನ್‌ಗೆ ಅದು ನಡೆಯುತ್ತದೆ. ಆದರೆ ವಾಪಸಾದ ಚೀಲಗಳನ್ನು ಮೈನಸ್‌ನಲ್ಲಿ ಬರೆದ ಕಾಲಂಗೆ ಅದೇ ಸಾಲು ಹಚ್ಚಿದರೆ ಲೆಕ್ಕ ಕೆಡುತ್ತದೆ: ಮ್ಯಾಕ್ರೊದಲ್ಲಿ -3 ಮಾಡ್ 2 ಎಂದರೆ -1. ಬೆಸ ಸಂಖ್ಯೆ ಸದ್ದಿಲ್ಲದೆ ಸಮದ ಸಾಲಿಗೆ ಸೇರುತ್ತದೆ, ಎರರ್ ಕೂಡ ಬರುವುದಿಲ್ಲ. ಆದ್ದರಿಂದ ಹೋಲಿಕೆ ಯಾವಾಗಲೂ ಸೊನ್ನೆಯೊಂದಿಗೇ ಇರಲಿ. ಹಾಳೆಯ ಸೆಲ್‌ನಲ್ಲಿ ಬರೆಯುವ ಮಾಡ್ ಫಾರ್ಮುಲಾ ಇದೇ ಲೆಕ್ಕಕ್ಕೆ 1 ಎನ್ನುತ್ತದೆ. ಗೊಂದಲದ ಮೂಲ ಇದೇ.

ದಶಮಾಂಶದಲ್ಲೂ ಇವೆರಡಕ್ಕೆ ತಾಳೆಯಿಲ್ಲ. 3.5 ಕೊಟ್ಟರೆ ಮ್ಯಾಕ್ರೊ ಅದನ್ನು 4ಕ್ಕೆ ಏರಿಸಿ ಸಮ ಎನ್ನುತ್ತದೆ. ಬೆಸವೇ ಎಂದು ಕೇಳುವ ಹಾಳೆಯ ಫಾರ್ಮುಲಾ 'ಈಸ್‌ಆಡ್' ಬಿಂದುವಿನ ಆಚೆಯದನ್ನು ಕತ್ತರಿಸಿ, 3 ಎಂದು ಹಿಡಿದು ಬೆಸ ಎನ್ನುತ್ತದೆ. ಕ್ವಿಂಟಾಲ್ ಕಾಲಂಗೆ ಈ ಪರೀಕ್ಷೆ ಬೇಡವೇ ಬೇಡ.

ಖಾಲಿ ಸೆಲ್ ಸೊನ್ನೆಯೆಂದೇ ಲೆಕ್ಕ, ಅಂದರೆ ಸಮ. ಸಂಖ್ಯೆಯೇ ಎಂದು ಕೇಳುವ 'ಈಸ್‌ನ್ಯೂಮೆರಿಕ್' ಇದನ್ನು ತಡೆಯುವುದಿಲ್ಲ, ಖಾಲಿಯನ್ನೂ ಸಂಖ್ಯೆಯೆಂದು ಒಪ್ಪಿಕೊಳ್ಳುತ್ತದೆ. ಮೊದಲು ಖಾಲಿಯೇ ಎಂದು 'ಈಸ್‌ಎಂಪ್ಟಿ'ಯಿಂದ ಕೇಳಿ, ಆಮೇಲೆ 'ಈಸ್‌ನ್ಯೂಮೆರಿಕ್' ಬಳಸಿ.

ಟೋಕನ್ ಬದಲು ಲಾರಿ ನಂಬರನ್ನೇ ನೋಡುವುದಾದರೆ ದಾರಿ ಬೇರೆ. 'ಕೆಎ 17' ಎಂದು ಶುರುವಾಗುವುದು ಅಕ್ಷರಗಳ ಸಾಲು, ನೇರವಾಗಿ ಕೊಟ್ಟರೆ 13ನೇ ಎರರ್, ಟೈಪ್ ಮಿಸ್‌ಮ್ಯಾಚ್. ಕೊನೆಯ ಅಂಕಿಯೊಂದೇ ಸಾಕು: 'ಟ್ರಿಮ್'ನಿಂದ ತುದಿಯ ಸ್ಪೇಸ್ ಕಳೆದು, 'ರೈಟ್'ನಿಂದ ಬಲತುದಿಯ ಒಂದು ಅಕ್ಷರ ತೆಗೆದು, 'ಸಿಎಲ್‌ಎನ್‌ಜಿ' ಮೂಲಕ ಸಂಖ್ಯೆ ಮಾಡಿ. ಟ್ರಿಮ್ ಬಿಟ್ಟರೆ, ಟೈಪ್ ಮಾಡುವಾಗ ಕೊನೆಯಲ್ಲಿ ಬಿದ್ದ ಒಂದು ಸ್ಪೇಸ್ ಅದೇ ಎರರ್ ತರುತ್ತದೆ. ಹತ್ತಂಕಿಯ ಮೊಬೈಲ್ ನಂಬರಿಗೂ ಇದೇ ಉಪಾಯ. ಲಾಂಗ್‌ನ ಮಿತಿ 2,147,483,647, ಮೊಬೈಲ್ ನಂಬರ್ ಅದನ್ನು ದಾಟುವುದರಿಂದ ಇಡಿಯಾಗಿ ಹಿಡಿಸದು.

ಕಡತವನ್ನು ಎಕ್ಸ್‌ಎಲ್‌ಎಸ್‌ಎಮ್ ಆಗಿ ಉಳಿಸಿ. ಪಟ್ಟಿಗೆ ಹಚ್ಚುವ ಮುನ್ನ 7, 8, 0, -3 ಮತ್ತು ಒಂದು ಖಾಲಿ ಸೆಲ್ ಕೊಟ್ಟು, ಎಫ್8 ಒತ್ತುತ್ತ ಒಂದೊಂದೇ ಸಾಲು ನಡೆಸಿ ನೋಡಿ.